ವೇದನಾಶಾಮಕ ಔಷಧಗಳ ಅಲರ್ಜಿ

ವೇದನಾಶಾಮಕ ಔಷಧಗಳ ಅಲರ್ಜಿಯೆಂಬುದು, ನೋವು, ಜ್ವರ ಮತ್ತು ಉರಿಯೂತಗಳ ಉಪಶಮನಕ್ಕಾಗಿ ಬಳಸುವ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್ ಮೊದಲಾದ ಔಷಧಗಳನ್ನು ವಿಹಿತ ಪ್ರಮಾಣದಲ್ಲಿಯೇ ಸೇವಿಸಿದಾಗ್ಯೂ ಕೆಲವು ವ್ಯಕ್ತಿಗಳಲ್ಲಿ ಮಾತ್ರ ಕಾಣಿಸಿಕೊಳ್ಳುವ, ಆ ಔಷಧಗಳ ಸರ್ವಸಾಮಾನ್ಯ ಅಡ್ಡಪರಿಣಾಮಗಳಿಂದ ಭಿನ್ನವಾದ ಪ್ರತಿಕೂಲ ಪ್ರತಿಕ್ರಿಯೆಗಳ ಸಮೂಹ. ಮೈಮೇಲೆ ಏಳುವ ಗಂಧೆಗಳಿಂದ ಮೊದಲ್ಗೊಂಡು ತುಟಿ ಮತ್ತು ಕಣ್ರೆಪ್ಪೆಗಳ ಬಾವು, ಮೂಗಿನ ಸೋರಿಕೆ, ಉಬ್ಬಸ, ರಕ್ತದೊತ್ತಡದ ಹಠಾತ್ ಕುಸಿತ, ಚರ್ಮ ಸುಲಿದುಹೋಗುವ ಘೋರವ್ಯಾಧಿ ಇವೆಲ್ಲವೂ ಈ ಒಂದೇ ಹೆಸರಿನಡಿಯಲ್ಲಿ ಬರುವುವಾದರೂ, ಇವುಗಳ ಹಿಂದಿರುವ ಕಾರಣಗಳು ಪರಸ್ಪರ ಬೇರೆಬೇರೆ. ಆದುದರಿಂದ ಒಬ್ಬ ರೋಗಿಗೆ ಅಪಾಯಕರವಾದುದು ಒಂದೇ ಔಷಧವೋ ಅಥವಾ ಆ ಔಷಧವರ್ಗವೆಲ್ಲವೂ ಹೌದೋ ಎಂಬ ಪ್ರಶ್ನೆಯೇ ಈ ವಿಷಯದ ತಿಳಿವಳಿಕೆಗೂ ಚಿಕಿತ್ಸೆಗೂ ಮೂಲವಾದುದು.

ಪರಿಭಾಷೆ

ಲೋಕವ್ಯವಹಾರದಲ್ಲಿ ‘ಆ ಮಾತ್ರೆ ನನಗೆ ಆಗಿಬರುವುದಿಲ್ಲ’, ‘ನೋವಿನ ಗುಳಿಗೆ ಮೈಗೆ ಒಗ್ಗುವುದಿಲ್ಲ’ ಎಂದು ಜನರು ಹೇಳುವ ಮಾತಿನಲ್ಲಿ ಮೂರು ಬೇರೆಬೇರೆ ಸಂಗತಿಗಳು ಅಡಗಿರುತ್ತವೆ. ಮೊದಲನೆಯದು ಅಡ್ಡಪರಿಣಾಮ: ಎದೆಯುರಿ, ಜಠರದ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಗಳ ಹಾನಿ ಮೊದಲಾದುವು ಔಷಧದ ಸ್ವಭಾವದಿಂದಲೇ ಉಂಟಾಗತಕ್ಕವಾಗಿದ್ದು, ಪ್ರಮಾಣ ಹೆಚ್ಚಿದಂತೆಲ್ಲ ಯಾರಲ್ಲಿಯಾದರೂ ಕಾಣಿಸಿಕೊಳ್ಳಬಲ್ಲುವು. ಎರಡನೆಯದು ನಿಷೇಧ: ಡೆಂಗೆ ಜ್ವರದಲ್ಲಿ ರಕ್ತಸ್ರಾವದ ಭಯದಿಂದ ಆಸ್ಪಿರಿನ್ ಮತ್ತು ಐಬುಪ್ರೊಫೇನ್‌ಗಳನ್ನು ಕೊಡದಿರುವುದೂ, ರೇ ಸಿಂಡ್ರೋಮ್ ಎಂಬ ಮಾರಕವ್ಯಾಧಿಯ ಭಯದಿಂದ ವೈರಾಣುಜ್ವರವುಳ್ಳ ಮಕ್ಕಳಿಗೆ ಆಸ್ಪಿರಿನ್ ವರ್ಜಿಸುವುದೂ ಈ ಬಗೆಗೆ ಸೇರುತ್ತವೆ. ಮೂರನೆಯದೇ ಪ್ರಸ್ತುತ ಲೇಖನದ ವಿಷಯವಾದ ಅತಿಸಂವೇದನೆ. ಎದೆಯುರಿಯನ್ನು ಅಲರ್ಜಿಯೆಂದು ಬರೆಯಿಸಿಕೊಂಡವನು ಬೇಕಾದ ಔಷಧದಿಂದ ಜೀವನವಿಡೀ ವಂಚಿತನಾಗುತ್ತಾನೆ; ಉಬ್ಬಸವನ್ನು ‘ಉಷ್ಣ’ವೆಂದು ತಳ್ಳಿಹಾಕಿದವನು ಮುಂದಿನ ಮಾತ್ರೆಯಲ್ಲಿ ಪ್ರಾಣವನ್ನೇ ಪಣವಾಗಿಡುತ್ತಾನೆ.

ಅತಿಸಂವೇದನೆಯಲ್ಲಿಯೂ ಎರಡು ಭೇದಗಳುಂಟು. ದೇಹದ ರೋಗರಕ್ಷಣಾವ್ಯವಸ್ಥೆಯು ಔಷಧವನ್ನು ಗುರುತಿಟ್ಟುಕೊಂಡು ಪ್ರತಿಕಾಯಗಳ ಮೂಲಕವಾಗಲಿ ಟಿ-ಕಣಗಳ ಮೂಲಕವಾಗಲಿ ಪ್ರತಿಭಟಿಸುವುದು ನಿಜವಾದ ಅಲರ್ಜಿ. ಅಂತಹ ಗುರುತಿಸುವಿಕೆಯಿಲ್ಲದೆ, ಔಷಧದ ರಾಸಾಯನಿಕ ಕ್ರಿಯೆಯಿಂದಲೇ ಅಲರ್ಜಿಯನ್ನು ಹೋಲುವ ಲಕ್ಷಣಗಳು ಹುಟ್ಟುವುದು ಪ್ರತಿರಕ್ಷೇತರ ಅತಿಸಂವೇದನೆ. ವೇದನಾಶಾಮಕಗಳ ವಿಷಯದಲ್ಲಿ ಎರಡನೆಯದೇ ಹೆಚ್ಚು ಪ್ರಚುರವಾದುದು. ಸ್ಟೀರಾಯ್ಡ್ ಅಲ್ಲದ, ಉರಿಯೂತವನ್ನು ತಗ್ಗಿಸುವ ಔಷಧಗಳೆಲ್ಲವನ್ನೂ ಇಲ್ಲಿ ‘ಉರಿಯೂತಹರಗಳು’ ಎಂಬ ಒಂದೇ ಹೆಸರಿನಿಂದ ನಿರ್ದೇಶಿಸಲಾಗಿದೆ.

ಇತಿಹಾಸ

ನೀರವಂಜಿ ಜಾತಿಯ ವಿಲ್ಲೋ ಮರದ ತೊಗಟೆಗೆ ಜ್ವರಹರ ಗುಣವಿದೆಯೆಂಬುದು ಪ್ರಾಚೀನರಿಗೆ ತಿಳಿದಿದ್ದರೂ, ಅದನ್ನು ವ್ಯವಸ್ಥಿತವಾಗಿ ರೋಗಿಗಳ ಮೇಲೆ ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ 1763ರಲ್ಲಿ ನಿವೇದಿಸಿದವನು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್. ತೊಗಟೆಯ ಸಾರವಾದ ಸ್ಯಾಲಿಸಿನ್ 1828ರಲ್ಲಿ ಪ್ರತ್ಯೇಕಿಸಲ್ಪಟ್ಟಿತು. ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ಫ್ರಾನ್ಸಿನ ಶಾರ್ಲ್ ಗೆರ್ಹಾರ್ಟ್ 1853ರಲ್ಲಿ ಅಶುದ್ಧ ರೂಪದಲ್ಲಿ ತಯಾರಿಸಿದನು. ಜರ್ಮನಿಯ ಬಾಯರ್ ಸಂಸ್ಥೆಯಲ್ಲಿ ಫೆಲಿಕ್ಸ್ ಹಾಫ್‌ಮನ್ 1897ರಲ್ಲಿ ಅದನ್ನು ಶುದ್ಧರೂಪದಲ್ಲಿ ಪಡೆದ ಮೇಲೆ, 1899ರಲ್ಲಿ ‘ಆಸ್ಪಿರಿನ್’ ಎಂಬ ವ್ಯಾಪಾರನಾಮದಿಂದ ಅದು ಲೋಕದಲ್ಲೆಲ್ಲ ಹರಡಿತು.

ಔಷಧವು ಪೇಟೆಗೆ ಬಂದ ಮೂರೇ ವರ್ಷಗಳಲ್ಲಿ ಅದರ ಅತಿಸಂವೇದನೆಯೂ ವೈದ್ಯರ ಗಮನಕ್ಕೆ ಬಂದಿತು. 1902ರಲ್ಲಿ ಹಿರ್ಷ್‌ಬರ್ಗ್ ಎಂಬ ವೈದ್ಯನು ಆಸ್ಪಿರಿನ್ ಸೇವನೆಯ ಅನಂತರ ಮುಖ ಬಾತು ಮೈಯೆಲ್ಲ ಗಂಧೆಯೆದ್ದ ಪ್ರಸಂಗವೊಂದನ್ನು ಜರ್ಮನ್ ವೈದ್ಯಪತ್ರಿಕೆಯಲ್ಲಿ ವರದಿಮಾಡಿದನು. ‘ಅಲರ್ಜಿ’ ಎಂಬ ಪದವನ್ನು ಆಸ್ಟ್ರಿಯಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಸೃಷ್ಟಿಸಿದುದು 1906ರಲ್ಲಿಯಾದುದರಿಂದ, ಈ ವ್ಯಾಧಿಯ ಮೊದಲ ವರ್ಣನೆ ಅದರ ಹೆಸರಿಗಿಂತಲೂ ಹಳೆಯದು. 1922ರಲ್ಲಿ ಪ್ಯಾರಿಸಿನ ಫೆರ್ನಾನ್ ವಿಡಾಲ್ ಮತ್ತು ಅವನ ಸಹೋದ್ಯೋಗಿಗಳು ಉಬ್ಬಸ, ನಾಸಿಕದ ದುರ್ಮಾಂಸ ಮತ್ತು ಆಸ್ಪಿರಿನ್ ಅತಿಸಂವೇದನೆ ಇವು ಮೂರೂ ಒಬ್ಬಳೇ ರೋಗಿಯಲ್ಲಿ ಕೂಡಿಬಂದುದನ್ನು ವರ್ಣಿಸಿದುದೇ ಅಲ್ಲದೆ, ಸ್ವಲ್ಪ ಸ್ವಲ್ಪವಾಗಿ ಆಸ್ಪಿರಿನ್ ಕೊಡುತ್ತ ಆಕೆಯ ದೇಹವನ್ನು ಅದಕ್ಕೆ ಒಗ್ಗಿಸುವುದರಲ್ಲಿಯೂ ಸಫಲರಾದರು. ಈ ಬರಹವು ಬಹುಕಾಲ ಅಲಕ್ಷಿತವಾಗಿಯೇ ಉಳಿಯಿತು. 1968ರಲ್ಲಿ ಅಮೆರಿಕದ ಮ್ಯಾಕ್ಸ್ ಸ್ಯಾಮ್ಟರ್ ಮತ್ತು ಬೀರ್ಸ್ ಇದೇ ಲಕ್ಷಣಕೂಟವನ್ನು ಮತ್ತೆ ವಿವರಿಸಿದ ತರುವಾಯ ಅದಕ್ಕೆ ‘ಸ್ಯಾಮ್ಟರನ ತ್ರಿಕೂಟ’ವೆಂಬ ಹೆಸರು ನೆಲೆಗೊಂಡಿತಾದರೂ, ಪ್ರಥಮಶ್ರೇಯಸ್ಸು ವಿಡಾಲನಿಗೆ ಸಲ್ಲತಕ್ಕದ್ದು.

ಆಸ್ಪಿರಿನ್ ದೇಹದಲ್ಲಿ ಮಾಡುವುದಾದರೂ ಏನೆಂಬುದು 1971ರವರೆಗೂ ತಿಳಿದಿರಲಿಲ್ಲ. ಆ ವರ್ಷ ಇಂಗ್ಲೆಂಡಿನ ಜಾನ್ ವೇನ್, ಈ ಔಷಧಗಳೆಲ್ಲವೂ ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥಗಳ ಉತ್ಪಾದನೆಯನ್ನು ತಡೆಯುತ್ತವೆಂದು ತೋರಿಸಿಕೊಟ್ಟನು. ಈ ಶೋಧನೆಗಾಗಿ 1982ರ ನೊಬೆಲ್ ಪಾರಿತೋಷಕದಲ್ಲಿ ಅವನು ಪಾಲುಗಾರನಾದನು. ಅದನ್ನು ಆಧಾರವಾಗಿಟ್ಟುಕೊಂಡು ಪೋಲೆಂಡಿನ ಕ್ರಾಕೋ ನಗರದ ಆಂಜೆಯ್ ಶ್ಚೆಕ್ಲಿಕ್ ಮತ್ತು ಸಂಗಡಿಗರು 1975ರಲ್ಲಿ ಒಂದು ಮಹತ್ತ್ವದ ನಿಯಮವನ್ನು ಮುಂದಿಟ್ಟರು. ಆಸ್ಪಿರಿನ್ನಿಂದ ಉಬ್ಬಸಗೊಳ್ಳುವ ರೋಗಿಗಳು, ರಾಸಾಯನಿಕ ರಚನೆಯಲ್ಲಿ ಆಸ್ಪಿರಿನ್ನಿಗೆ ಯಾವ ಸಂಬಂಧವೂ ಇಲ್ಲದ ಇಂಡೊಮೆಥಸಿನ್‌ನಂತಹ ಔಷಧಗಳಿಂದಲೂ ಉಬ್ಬಸಗೊಳ್ಳುತ್ತಾರೆ. ಔಷಧದ ತಡೆಯುವ ಸಾಮರ್ಥ್ಯ ಎಷ್ಟು ಹೆಚ್ಚೋ ಅಪಾಯವೂ ಅಷ್ಟು ಹೆಚ್ಚು. ಆದುದರಿಂದ ದೋಷವಿರುವುದು ಅಣುವಿನ ಆಕಾರದಲ್ಲಲ್ಲ, ಅದು ಮಾಡುವ ಕೆಲಸದಲ್ಲಿ. ಈ ವ್ಯಾಧಿಯ ಇಂದಿನ ತಿಳಿವಳಿಕೆಯೆಲ್ಲವೂ ಈ ವಾಕ್ಯದಿಂದ ಬೆಳೆದುಬಂದುದೆನ್ನಬಹುದು.

ಔಷಧವರ್ಗಗಳು

ರಾಸಾಯನಿಕ ರಚನೆಯ ದೃಷ್ಟಿಯಿಂದ ಉರಿಯೂತಹರಗಳನ್ನು ಹಲವು ಕುಲಗಳಾಗಿ ವಿಂಗಡಿಸಲಾಗಿದೆ. ಆಸ್ಪಿರಿನ್ ಸ್ಯಾಲಿಸಿಲೇಟ್ ಕುಲಕ್ಕೆ ಸೇರಿದುದು. ಐಬುಪ್ರೊಫೇನ್, ನ್ಯಾಪ್ರೊಕ್ಸೆನ್ ಮತ್ತು ಕೀಟೊಪ್ರೊಫೇನ್‌ಗಳು ಪ್ರೊಪಿಯಾನಿಕ್ ಆಮ್ಲಕುಲದವು. ಡೈಕ್ಲೊಫೆನ್ಯಾಕ್, ಏಸಿಕ್ಲೊಫೆನ್ಯಾಕ್, ಇಂಡೊಮೆಥಸಿನ್‌ಗಳು ಅಸೆಟಿಕ್ ಆಮ್ಲಕುಲದವು. ಮೆಫೆನಮಿಕ್ ಆಮ್ಲವು ಫೆನಮೇಟ್. ಪೈರಾಕ್ಸಿಕಾಮ್ ಮತ್ತು ಮೆಲಾಕ್ಸಿಕಾಮ್‌ಗಳು ಆಕ್ಸಿಕಾಮ್. ಅನಾಲ್ಜಿನ್ ಎಂದು ಪ್ರಸಿದ್ಧವಾದ ಮೆಟಮಿಝೋಲ್ ಹಾಗೂ ಪ್ರೊಪೈಫೆನಝೋನ್‌ಗಳು ಪೈರಝೊಲೋನ್. ಸೆಲಿಕಾಕ್ಸಿಬ್ ಮತ್ತು ಎಟೊರಿಕಾಕ್ಸಿಬ್‌ಗಳು ಕಾಕ್ಸಿಬ್. ಪ್ಯಾರಾಸಿಟಮಾಲ್ ನೋವನ್ನೂ ಜ್ವರವನ್ನೂ ತಗ್ಗಿಸುವುದಾದರೂ ಉರಿಯೂತದ ಮೇಲೆ ಅದರ ಪ್ರಭಾವ ಅತ್ಯಲ್ಪವಾದುದರಿಂದ ಅದನ್ನು ಈ ವರ್ಗದಲ್ಲಿ ಎಣಿಸುವುದಿಲ್ಲ.

ಕಾರ್ಯಶಕ್ತಿಯ ದೃಷ್ಟಿಯಿಂದ ಮಾಡುವ ವಿಂಗಡಣೆ ಇನ್ನೊಂದು. ಪ್ರೊಸ್ಟಗ್ಲಾಂಡಿನ್‌ಗಳನ್ನು ಉತ್ಪಾದಿಸುವ ಸೈಕ್ಲೊಆಕ್ಸಿಜನೇಸ್ ಎಂಬ ಕಿಣ್ವಕ್ಕೆ ಎರಡು ರೂಪಗಳಿದ್ದು, ಅವನ್ನು ಕಾಕ್ಸ್-1 ಮತ್ತು ಕಾಕ್ಸ್-2 ಎಂದು ಕರೆಯುತ್ತಾರೆ. ಕಾಕ್ಸ್-1 ದೇಹದ ಬಹುಪಾಲು ಅಂಗಾಂಶಗಳಲ್ಲಿ ಸದಾ ಇರತಕ್ಕದ್ದು. ಕಾಕ್ಸ್-2 ಉರಿಯೂತವಾದೆಡೆಯಲ್ಲಿ ವಿಶೇಷವಾಗಿ ಹುಟ್ಟತಕ್ಕದ್ದು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್, ನ್ಯಾಪ್ರೊಕ್ಸೆನ್, ಕೀಟೊರೊಲ್ಯಾಕ್ ಮೊದಲಾದುವು ಎರಡನ್ನೂ ತಡೆಯುತ್ತವೆ. ನಿಮೆಸುಲೈಡ್ ಮತ್ತು ಮೆಲಾಕ್ಸಿಕಾಮ್‌ಗಳು ಅಲ್ಪಪ್ರಮಾಣದಲ್ಲಿ ಎರಡನೆಯದನ್ನೇ ಹೆಚ್ಚಾಗಿ ತಡೆದು, ಪ್ರಮಾಣ ಏರಿದಂತೆ ಮೊದಲನೆಯದನ್ನೂ ತಡೆಯುತ್ತವೆ. ಕಾಕ್ಸಿಬ್‌ಗಳು ಬಹುಮಟ್ಟಿಗೆ ಎರಡನೆಯದನ್ನು ಮಾತ್ರ ತಡೆಯುತ್ತವೆ. ಅಲರ್ಜಿಯ ರೋಗಿಗೆ ಪರ್ಯಾಯವನ್ನು ಆರಿಸುವಾಗ ಈ ಎರಡನೆಯ ವಿಂಗಡಣೆಯೇ ಬಹುತೇಕ ನಿರ್ಣಾಯಕವಾದುದು.

ಕಾರಣ

ಕಣಪೊರೆಗಳಲ್ಲಿರುವ ಅರಾಕಿಡಾನಿಕ್ ಆಮ್ಲವು ದೇಹದಲ್ಲಿ ಎರಡು ಮಾರ್ಗಗಳಲ್ಲಿ ಪರಿವರ್ತನೆಹೊಂದುತ್ತದೆ. ಸೈಕ್ಲೊಆಕ್ಸಿಜನೇಸ್ ಮಾರ್ಗದಲ್ಲಿ ಪ್ರೊಸ್ಟಗ್ಲಾಂಡಿನ್‌ಗಳೂ, 5-ಲೈಪಾಕ್ಸಿಜನೇಸ್ ಎಂಬ ಬೇರೊಂದು ಕಿಣ್ವದ ಮಾರ್ಗದಲ್ಲಿ ಲ್ಯೂಕೋಟ್ರೈಯೀನ್‌ಗಳೂ ಹುಟ್ಟುತ್ತವೆ. ಲ್ಯೂಕೋಟ್ರೈಯೀನ್‌ಗಳು ಶ್ವಾಸನಾಳಗಳನ್ನು ಸಂಕೋಚಗೊಳಿಸಿ, ಲೋಳೆಯನ್ನು ಹೆಚ್ಚಿಸಿ, ರಕ್ತನಾಳಗಳಿಂದ ದ್ರವವು ಹೊರಸೂಸುವಂತೆ ಮಾಡುವ ಪ್ರಬಲ ಪದಾರ್ಥಗಳು. ಸ್ವಸ್ಥದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಇ-2 ಎಂಬುದು ಈ ಎರಡನೆಯ ಮಾರ್ಗಕ್ಕೆ ಕಡಿವಾಣವಾಗಿ ನಿಂತು, ಹಿಸ್ಟಮಿನ್ ತುಂಬಿದ ಮಾಸ್ಟ್ ಕಣಗಳನ್ನೂ ಶಾಂತವಾಗಿರಿಸುತ್ತದೆ. ಆಸ್ಪಿರಿನ್ ಕಾಕ್ಸ್-1ನ್ನು ತಡೆದೊಡನೆ ಈ ಕಡಿವಾಣ ತಪ್ಪುವುದು. ಎಲ್ಲರ ದೇಹದಲ್ಲಿಯೂ ಹೀಗೆ ತಪ್ಪುವುದಾದರೂ, ಮೂಗು ಮತ್ತು ಶ್ವಾಸಕೋಶಗಳಲ್ಲಿ ಈಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳು ದಟ್ಟೈಸಿ, ಲ್ಯೂಕೋಟ್ರೈಯೀನ್ ಉತ್ಪಾದನೆ ಮೊದಲೇ ಮಿತಿಮೀರಿರುವ ವ್ಯಕ್ತಿಗಳಲ್ಲಿ ಮಾತ್ರ ಅದು ವಿಪತ್ತಾಗಿ ಪರಿಣಮಿಸುತ್ತದೆ. ಅಂತಹವರ ಮೂತ್ರದಲ್ಲಿ ಲ್ಯೂಕೋಟ್ರೈಯೀನ್ ಇ-4 ಎಂಬ ಅಂತ್ಯಪದಾರ್ಥವು ಮಾತ್ರೆ ನುಂಗದ ದಿನಗಳಲ್ಲಿಯೂ ಅಧಿಕವಾಗಿದ್ದು, ಪ್ರತಿಕ್ರಿಯೆಯ ಸಮಯದಲ್ಲಿ ಮತ್ತಷ್ಟು ಏರುತ್ತದೆ.

ಇದು ಔಷಧದ ಕ್ರಿಯೆಯಿಂದ ಉಂಟಾಗುವ ವ್ಯಾಧಿಯಾದುದರಿಂದ, ಹಿಂದೆಂದೂ ಸೇವಿಸದ ಹೊಸ ಮಾತ್ರೆಯ ಮೊದಲನೆಯ ಗುಳಿಗೆಯಲ್ಲಿಯೇ ಪ್ರಕೋಪಗೊಳ್ಳಬಹುದು. ನಿಜವಾದ ಅಲರ್ಜಿಯಲ್ಲಿ ಹಾಗಲ್ಲ. ಅಲ್ಲಿ ದೇಹವು ಔಷಧವನ್ನು ಮೊದಲು ಒಮ್ಮೆಯಾದರೂ ಪರಿಚಯಮಾಡಿಕೊಂಡು, ಅದಕ್ಕೆದುರಾಗಿ ಐಜಿಇ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಂಡ ಮೇಲೆಯೇ ಪ್ರತಿಕ್ರಿಯೆ ತೋರುವುದು. ಹತ್ತು ವರ್ಷ ನಿರಾತಂಕವಾಗಿ ನುಂಗಿದ ಮಾತ್ರೆ ಹನ್ನೊಂದನೆಯ ವರ್ಷ ಕೇಡು ಮಾಡಲಾರದೆಂಬ ಜನಸಾಮಾನ್ಯರ ನಂಬಿಕೆ ಎರಡೂ ಬಗೆಗಳಲ್ಲಿ ತಪ್ಪು.

ಪ್ರಭೇದಗಳು

ಯೂರೋಪಿನ ಅಲರ್ಜಿತಜ್ಞರು 2013ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಐದು ಪ್ರಭೇದಗಳಿದ್ದು, ಈಗ ಅದೇ ಬಳಕೆಯಲ್ಲಿದೆ.

ಶ್ವಾಸಪ್ರಧಾನ ಪ್ರಭೇದವು ಸ್ಯಾಮ್ಟರನ ತ್ರಿಕೂಟವೇ ಆಗಿದೆ. ಉಬ್ಬಸವಿರುವ ವಯಸ್ಕರಲ್ಲಿ ನೂರಕ್ಕೆ ಸುಮಾರು ಏಳು ಮಂದಿಯಲ್ಲಿ ಇದಿರುವುದೆಂದೂ, ತೀವ್ರ ಉಬ್ಬಸದವರಲ್ಲಿ ಆ ಪ್ರಮಾಣ ಇಮ್ಮಡಿಯಾಗುವುದೆಂದೂ ಅಂದಾಜು. ಇದು ಸಾಮಾನ್ಯವಾಗಿ ಮೂವತ್ತರ ಆಚೀಚೆಯ ವಯಸ್ಸಿನಲ್ಲಿ ಬಿಡದ ನೆಗಡಿಯ ರೂಪದಲ್ಲಿ ಆರಂಭವಾಗಿ, ಕ್ರಮೇಣ ವಾಸನೆಯ ಗ್ರಹಣಶಕ್ತಿ ಕುಂದಿ, ಮೂಗಿನೊಳಗೆ ದುರ್ಮಾಂಸ ಬೆಳೆದು, ಅನಂತರ ಉಬ್ಬಸವಾಗಿ ಮುಂದುವರಿದು, ಕಟ್ಟಕಡೆಗೆ ಒಂದು ದಿನ ತಲೆನೋವಿಗೋ ಹಲ್ಲುನೋವಿಗೋ ನುಂಗಿದ ಮಾತ್ರೆಯಿಂದ ಬಯಲಿಗೆ ಬರುವುದು. ಇವರಲ್ಲಿ ಬಹುಮಂದಿಗೆ ಮದ್ಯಸೇವನೆಯಿಂದಲೂ ಮೂಗು ಕಟ್ಟಿ ಉಸಿರು ಬಿಗಿಯುವುದುಂಟು. ಮೂಗಿನ ಶಸ್ತ್ರಚಿಕಿತ್ಸೆಯಾದ ಮೇಲೂ ದುರ್ಮಾಂಸ ಮರಳಿ ಮರಳಿ ಬೆಳೆಯುತ್ತಿದ್ದರೆ ಈ ಪ್ರಭೇದವನ್ನು ಶಂಕಿಸತಕ್ಕದ್ದು.

ಚರ್ಮಪ್ರಧಾನ ಪ್ರಭೇದದಲ್ಲಿ ರೋಗಿಗೆ ಬಹುಕಾಲದಿಂದ ಗಂಧೆಗಳೇಳುವ ಬಾಧೆಯಿದ್ದು, ಉರಿಯೂತಹರಗಳು ಅದನ್ನು ಕೆರಳಿಸುತ್ತವೆ. ಮೂರನೆಯ ಪ್ರಭೇದದಲ್ಲಿ ಅಂತಹ ಪೂರ್ವವ್ಯಾಧಿಯಿಲ್ಲದೆ, ಔಷಧ ಸೇವಿಸಿದಾಗ ಮಾತ್ರ ಗಂಧೆಯೂ ಬಾವೂ ಬರುವುವು; ಕಣ್ಣಿನ ಸುತ್ತಲಿನ ಬಾವು ಇದರಲ್ಲಿ ವಿಶೇಷವಾಗಿ ಕಾಣುವುದು. ಈ ಮೂರು ಪ್ರಭೇದಗಳಲ್ಲಿಯೂ ಅಪರಾಧಿ ಒಂದು ಔಷಧವಲ್ಲ. ಕಾಕ್ಸ್-1ನ್ನು ಪ್ರಬಲವಾಗಿ ತಡೆಯುವ ಔಷಧಗಳೆಲ್ಲವೂ ಅಪಾಯಕರ.

ನಾಲ್ಕನೆಯ ಪ್ರಭೇದ ಇವಕ್ಕೆ ತದ್ವಿರುದ್ಧ. ಇಲ್ಲಿ ಒಂದೇ ಔಷಧ, ಅಥವಾ ಒಂದೇ ರಾಸಾಯನಿಕ ಕುಲದ ಔಷಧಗಳು ಮಾತ್ರ ನಿಜವಾದ ಅಲರ್ಜಿಯನ್ನು ಉಂಟುಮಾಡಿ, ಉಳಿದ ಉರಿಯೂತಹರಗಳು ನಿರುಪದ್ರವವಾಗಿರುತ್ತವೆ. ಪೈರಝೊಲೋನ್‌ಗಳು ಮತ್ತು ಡೈಕ್ಲೊಫೆನ್ಯಾಕ್ ಇದಕ್ಕೆ ಪ್ರಸಿದ್ಧವಾದುವು. ಪ್ರತಿಕ್ರಿಯೆ ಕೆಲವೇ ನಿಮಿಷಗಳಲ್ಲಿ ಹುಟ್ಟಿ ಸರ್ವಾಂಗವ್ಯಾಪಿಯಾದ ಅನಾಫಿಲಾಕ್ಸಿಸ್ ಆಗಿ ಪರಿಣಮಿಸಬಹುದಾದುದರಿಂದ ಪ್ರಾಣಾಪಾಯ ಇದರಲ್ಲಿ ಅಧಿಕ.

ಐದನೆಯದು ವಿಲಂಬಿತ ಪ್ರಭೇದ. ಟಿ-ಕಣಗಳ ಮೂಲಕ ನಡೆಯುವ ಈ ಪ್ರತಿಕ್ರಿಯೆ ಒಂದು ದಿನ ಕಳೆದ ಮೇಲೆ, ಕೆಲವೊಮ್ಮೆ ವಾರಗಳ ಅನಂತರ ಕಾಣಿಸಿಕೊಳ್ಳುವುದರಿಂದ ರೋಗಿಯು ಅದಕ್ಕೂ ಮಾತ್ರೆಗೂ ಸಂಬಂಧ ಕಲ್ಪಿಸುವುದೇ ಇಲ್ಲ. ಪ್ರತಿಸಾರಿಯೂ ಮೈಯ ಅದೇ ಸ್ಥಳದಲ್ಲಿ ಮೂಡಿ, ಗುಣವಾದ ಮೇಲೆ ಕಪ್ಪು ಕಲೆಯಾಗಿ ಉಳಿಯುವ ಸ್ಥಿರಸ್ಫೋಟವೂ, ಕೀಟೊಪ್ರೊಫೇನ್ ಮುಲಾಮು ಹಚ್ಚಿದೆಡೆ ಬಿಸಿಲು ತಾಗಿ ಉಂಟಾಗುವ ಚರ್ಮದಾಹವೂ ಇದರ ಸೌಮ್ಯರೂಪಗಳು. ಆಕ್ಸಿಕಾಮ್‌ಗಳಿಂದ ಉಂಟಾಗಬಲ್ಲ, ಚರ್ಮ ಸುಲಿದುಹೋಗುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಮತ್ತು ಮೆಫೆನಮಿಕ್ ಆಮ್ಲದಿಂದ ಉಂಟಾಗಬಲ್ಲ, ಜ್ವರ, ದದ್ದು, ಈಯೊಸಿನೊಫಿಲ್ ವೃದ್ಧಿ ಹಾಗೂ ಯಕೃತ್ತಿನ ಹಾನಿಯನ್ನೊಳಗೊಂಡ ಡ್ರೆಸ್ ಸಿಂಡ್ರೋಮ್ ಇದರ ಘೋರರೂಪಗಳು. ಇವು ಅತಿವಿರಳವಾದರೂ ಒಮ್ಮೆ ಬಂದಮೇಲೆ ಆ ಔಷಧವನ್ನು ಆಜೀವ ವರ್ಜಿಸತಕ್ಕದ್ದೇ ಹೊರತು ಪರೀಕ್ಷೆಗಾಗಿಯೂ ಮತ್ತೆ ಕೊಡತಕ್ಕದ್ದಲ್ಲ.

ಲಕ್ಷಣಗಳು

ಶ್ವಾಸಪ್ರಧಾನ ಪ್ರಭೇದದ ರೋಗಿಯು ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಗಳ ಒಳಗಾಗಿ ಮೊದಲು ಸೀನು ಬಂದು, ಮೂಗಿನಿಂದ ನೀರಿಳಿದು, ಕಣ್ಣು ಕೆಂಪೇರಿ, ಮುಖ ಕತ್ತುಗಳು ಬೆಚ್ಚಗಾಗಿ, ಅನಂತರ ಎದೆ ಬಿಗಿದು, ಸಿಳ್ಳೆಯಂತೆ ಸದ್ದುಗೈಯುವ ಉಸಿರಾಟಕ್ಕೆ ತುತ್ತಾಗುತ್ತಾನೆ. ಕೆಲವರಿಗೆ ಹೊಟ್ಟೆನೋವು, ವಾಂತಿಗಳೂ ಉಂಟು. ಚರ್ಮಪ್ರಭೇದಗಳಲ್ಲಿ ಗಂಧೆಗಳು ಒಂದರಿಂದ ಆರು ಗಂಟೆಗಳ ಒಳಗೆ ಎದ್ದು, ಹಲವು ಗಂಟೆಗಳಿಂದ ಒಂದೆರಡು ದಿನಗಳವರೆಗೆ ಉಳಿಯಬಹುದು. ನಾಲಗೆ ಅಥವಾ ಗಂಟಲು ಬಾಯುವುದು, ಧ್ವನಿ ಕೆಡುವುದು, ತಲೆಸುತ್ತಿ ಬೀಳುವಂತಾಗುವುದು, ಅಂಗೈ ಅಂಗಾಲುಗಳ ತುರಿಕೆಯೊಡನೆ ಮೈಯೆಲ್ಲ ಕೆಂಪಾಗುವುದು ಇವು ಅಪಾಯದ ಚಿಹ್ನೆಗಳು. ವಿಲಂಬಿತ ಪ್ರಭೇದದಲ್ಲಿ ಬಾಯಿ, ಕಣ್ಣು, ಜನನಾಂಗಗಳಲ್ಲಿ ಹುಣ್ಣಾಗುವುದು, ಚರ್ಮ ನೋಯುವುದು ಮತ್ತು ಬೊಬ್ಬೆಯೇಳುವುದು ತತ್‌ಕ್ಷಣ ಆಸ್ಪತ್ರೆಗೆ ಸೇರಿಸತಕ್ಕ ಲಕ್ಷಣಗಳು.

ಉರಿಯೂತಹರಗಳು ಸ್ವತಃ ಕಾರಣವಾಗದೆ ಬೇರೊಂದು ಅಲರ್ಜಿಗೆ ಬಲವನ್ನು ಕೂಡಿಸುವುದೂ ಉಂಟು. ಗೋಧಿಗೆ ಒಗ್ಗದ ಕೆಲವರು ಚಪಾತಿ ತಿಂದು ಸುಮ್ಮನಿದ್ದರೆ ಏನೂ ಆಗದೆ, ಅದರ ಸಂಗಡ ಆಸ್ಪಿರಿನ್ ಸೇವಿಸಿದರೆ ಅಥವಾ ತಿಂದೊಡನೆ ವ್ಯಾಯಾಮ ಮಾಡಿದರೆ ಮಾತ್ರ ತೀವ್ರ ಪ್ರತಿಕ್ರಿಯೆಗೆ ಒಳಗಾಗುತ್ತಾರೆ. ಇಂತಹವರಲ್ಲಿ ಮಾತ್ರೆಯನ್ನೇ ದೂಷಿಸಿ ಗೋಧಿಯನ್ನು ಮರೆಯುವ ಸಂಭವ ಹೆಚ್ಚು.

ರೋಗನಿರ್ಣಯ

ಉರಿಯೂತಹರಗಳ ಅತಿಸಂವೇದನೆಯನ್ನು ಖಚಿತವಾಗಿ ತಿಳಿಸತಕ್ಕ ರಕ್ತಪರೀಕ್ಷೆ ಯಾವುದೂ ಇಲ್ಲ. ‘ಅಲರ್ಜಿ ಪ್ಯಾನೆಲ್’ ಎಂಬ ಹೆಸರಿನಲ್ಲಿ ಪ್ರಯೋಗಶಾಲೆಗಳು ಮಾಡುವ ವಿಸ್ತಾರವಾದ ಪರೀಕ್ಷೆಗಳು ಈ ವಿಷಯದಲ್ಲಿ ನಿರುಪಯುಕ್ತ. ಚರ್ಮಪರೀಕ್ಷೆ ಪೈರಝೊಲೋನ್‌ಗಳ ಅಲರ್ಜಿಯಲ್ಲಿ ಮಾತ್ರ ಸ್ವಲ್ಪಮಟ್ಟಿಗೆ ನೆರವಾಗುವುದು. ಆದುದರಿಂದ ರೋಗಿಯ ವೃತ್ತಾಂತವೇ ನಿರ್ಣಯದ ಮುಖ್ಯ ಆಧಾರ: ಯಾವ ಔಷಧ, ಎಷ್ಟು ಪ್ರಮಾಣ, ಸೇವಿಸಿದ ಎಷ್ಟು ಹೊತ್ತಿಗೆ ಯಾವ ಲಕ್ಷಣ, ಅದಕ್ಕೆ ಮುಂಚೆ ಮತ್ತು ಅನಂತರ ಬೇರೆ ಯಾವ ನೋವಿನ ಮಾತ್ರೆಗಳು ನಿರಪಾಯವಾಗಿ ಸಂದಿವೆ, ಉಬ್ಬಸ, ದುರ್ಮಾಂಸ, ಹಳೆಯ ಗಂಧೆಗಳು ಇವೆಯೋ ಎಂಬುದನ್ನು ವೈದ್ಯನು ವಿಚಾರಿಸಿ ತಿಳಿಯಬೇಕು. ಭಿನ್ನ ಕುಲಗಳ ಎರಡು ಔಷಧಗಳಿಂದ ಬಾಧೆಯಾಗಿದ್ದರೆ ವರ್ಗವ್ಯಾಪಿಯೆಂದೂ, ಒಂದರಿಂದ ಬಾಧೆಯಾಗಿ ಇನ್ನೊಂದು ಕುಲದ ಪ್ರಬಲ ಔಷಧವು ಅನಂತರವೂ ಒಗ್ಗಿದ್ದರೆ ಏಕೌಷಧದ ಅಲರ್ಜಿಯೆಂದೂ ಊಹಿಸಬಹುದು.

ವೃತ್ತಾಂತದಿಂದ ತೀರ್ಮಾನವಾಗದಿದ್ದಲ್ಲಿ ಪ್ರಚೋದನಪರೀಕ್ಷೆಯನ್ನು ಕೈಗೊಳ್ಳುತ್ತಾರೆ. ತುರ್ತುಚಿಕಿತ್ಸೆಯ ಸೌಕರ್ಯವುಳ್ಳ ಆಸ್ಪತ್ರೆಯಲ್ಲಿ, ರೋಗಿಯ ಉಬ್ಬಸವು ಹತೋಟಿಯಲ್ಲಿರುವಾಗ, ಆಸ್ಪಿರಿನ್ನನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಗಂಟೆಗಳ ಅಂತರದಲ್ಲಿ ಹೆಚ್ಚಿಸುತ್ತ, ಪ್ರತಿ ಹಂತದಲ್ಲಿಯೂ ಉಸಿರಿನ ಬಲವನ್ನು ಅಳೆದು, ಲಕ್ಷಣಗಳು ಕಾಣಿಸಿದೊಡನೆ ನಿಲ್ಲಿಸುವುದು ಇದರ ಕ್ರಮ. ಕೆಲವು ದೇಶಗಳಲ್ಲಿ ಲೈಸೀನ್-ಆಸ್ಪಿರಿನ್ ದ್ರಾವಣವನ್ನು ಮೂಗಿಗೆ ಹನಿಸಿಯೋ ಉಸಿರಿನ ಮೂಲಕ ಕೊಟ್ಟೋ ಪರೀಕ್ಷಿಸುವುದೂ ರೂಢಿಯಲ್ಲಿದೆ. ಮನೆಯಲ್ಲಿ ‘ಅರ್ಧ ಮಾತ್ರೆ ನುಂಗಿ ನೋಡುವ’ ಪದ್ಧತಿ ಪರೀಕ್ಷೆಯಲ್ಲ, ಅಪಾಯಕ್ಕೆ ಕೊಟ್ಟ ಆಹ್ವಾನ.

ಮಕ್ಕಳ ವಿಷಯದಲ್ಲಿ ಈ ಪರೀಕ್ಷೆಗೆ ಇನ್ನೊಂದು ಪ್ರಯೋಜನವುಂಟು. ಜ್ವರ ಬಂದ ಮಗುವಿಗೆ ಐಬುಪ್ರೊಫೇನ್ ಸಿರಪ್ ಕುಡಿಸಿದ ದಿನವೇ ಮೈಮೇಲೆ ಗಂಧೆಯೆದ್ದರೆ ಹೆತ್ತವರು ಔಷಧವನ್ನು ದೂರುವುದು ಸಹಜ. ಆದರೆ ವೈರಾಣುಸೋಂಕೇ ಗಂಧೆಗಳಿಗೆ ಕಾರಣವಾಗುವುದು ಮಕ್ಕಳಲ್ಲಿ ಅತಿ ಸಾಮಾನ್ಯ. ಹೀಗೆ ಅಲರ್ಜಿಯೆಂದು ಹಣೆಪಟ್ಟಿ ಪಡೆದ ಮಕ್ಕಳಲ್ಲಿ ಅನೇಕರು ಪರೀಕ್ಷೆಯಲ್ಲಿ ನಿರ್ದೋಷಿಗಳಾಗಿ ಹೊರಬರುತ್ತಾರೆ.

ತುರ್ತುಚಿಕಿತ್ಸೆ

ಉಸಿರಾಟದ ತೊಂದರೆ, ಗಂಟಲಿನ ಬಾವು ಅಥವಾ ರಕ್ತದೊತ್ತಡದ ಕುಸಿತ ಕಂಡುಬಂದಲ್ಲಿ ಪ್ರಥಮೌಷಧ ಅಡ್ರಿನಲಿನ್. ಸಾವಿರಕ್ಕೊಂದರ ದ್ರಾವಣವನ್ನು ವಯಸ್ಕರಿಗೆ 0.5 ಮಿಲಿಗ್ರಾಂ, ಮಕ್ಕಳಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.01 ಮಿಲಿಗ್ರಾಂ ಪ್ರಮಾಣದಲ್ಲಿ ತೊಡೆಯ ಹೊರಪಾರ್ಶ್ವದ ಸ್ನಾಯುವಿಗೆ ಚುಚ್ಚಿ, ಸುಧಾರಣೆಯಾಗದಿದ್ದಲ್ಲಿ ಐದು ನಿಮಿಷಗಳ ಅನಂತರ ಪುನಃ ಕೊಡಬಹುದು. ಅವಿಲ್ ಮೊದಲಾದ ಹಿಸ್ಟಮಿನ್-ವಿರೋಧಿ ಔಷಧಗಳೂ ಸ್ಟೀರಾಯ್ಡ್‌ಗಳೂ ತುರಿಕೆ, ಗಂಧೆಗಳಿಗೆ ಸಾಕಾಗುವುವೇ ಹೊರತು ಅಡ್ರಿನಲಿನ್ನಿಗೆ ಬದಲಿಯಾಗಲಾರವು. ಅವನ್ನು ಕೊಟ್ಟು ಕಾಯುತ್ತ ಕುಳಿತು ಕಾಲಹರಣ ಮಾಡುವುದೇ ಇಂತಹ ಸಂದರ್ಭದಲ್ಲಿ ಸಂಭವಿಸುವ ಅತ್ಯಂತ ದಾರುಣವಾದ ಪ್ರಮಾದ. ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು, ಉಬ್ಬಸವೇ ಪ್ರಧಾನವಾಗಿದ್ದರೆ ಕುಳ್ಳಿರಿಸಬಹುದು, ಎದ್ದು ನಡೆಯಗೊಡಬಾರದು. ಕರ್ನಾಟಕದಲ್ಲಿ 108 ಸಂಖ್ಯೆಗೆ ಕರೆಮಾಡಿ ಆಂಬುಲೆನ್ಸನ್ನು ಪಡೆಯಬಹುದು. ಲಕ್ಷಣಗಳು ಅಡಗಿದ ಮೇಲೆಯೂ ಮರುಕಳಿಸುವ ಸಂಭವವಿರುವುದರಿಂದ ರೋಗಿಯನ್ನು ಕೆಲವು ಗಂಟೆಗಳ ಕಾಲ ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳತಕ್ಕದ್ದು.

ವರ್ಜನ ಮತ್ತು ಪರ್ಯಾಯಗಳು

ದೀರ್ಘಕಾಲದ ನಿರ್ವಹಣೆಯ ತಳಹದಿ ವರ್ಜನ. ವರ್ಜನದ ತಳಹದಿ ಔಷಧದ ಮೂಲನಾಮದ ಪರಿಚಯ. ಅಂಗಡಿಯಲ್ಲಿ ಬ್ರ್ಯಾಂಡಿನ ಹೆಸರಿನಿಂದಲೇ ವ್ಯವಹಾರ ನಡೆಯುವುದರಿಂದ ರೋಗಿಯು ಒಂದನ್ನು ಬಿಟ್ಟು ಅದೇ ಔಷಧದ ಇನ್ನೊಂದನ್ನು ಕೈಗೆತ್ತಿಕೊಳ್ಳುವನು. ಕಾಂಬಿಫ್ಲಾಮ್ ಎಂಬುದು ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್‌ಗಳ ಮಿಶ್ರಣ. ಝೀರೋಡಾಲ್-ಪಿ ಏಸಿಕ್ಲೊಫೆನ್ಯಾಕ್ ಮತ್ತು ಪ್ಯಾರಾಸಿಟಮಾಲ್‌ಗಳದು. ಮುಟ್ಟಿನ ಹೊಟ್ಟೆನೋವಿಗೆ ಹೆಣ್ಣುಮಕ್ಕಳು ನುಂಗುವ ಮೆಫ್ಟಾಲ್-ಸ್ಪಾಸ್‌ನಲ್ಲಿ ಮೆಫೆನಮಿಕ್ ಆಮ್ಲವೂ, ತಲೆನೋವಿನ ಸ್ಯಾರಿಡಾನ್‌ನಲ್ಲಿ ಪ್ರೊಪೈಫೆನಝೋನ್ ಕೂಡ ಇವೆ. ಡಿಸ್ಪ್ರಿನ್ ಆಸ್ಪಿರಿನ್ನೇ, ಹೃದ್ರೋಗಿಗಳು ನಿತ್ಯವೂ ಸೇವಿಸುವ ಇಕೊಸ್ಪ್ರಿನ್ ಕೂಡ ಆಸ್ಪಿರಿನ್ನೇ. ಮಾತ್ರೆಯ ಪಟ್ಟಿಯನ್ನು ತಿರುವಿ ಹಿಂಬದಿಯ ಬೆಳ್ಳಿಯ ಹಾಳೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ‘ಪ್ರತಿ ಮಾತ್ರೆಯಲ್ಲಿ ಇರುವುದು’ ಎಂಬರ್ಥದ ಒಕ್ಕಣೆಯ ಕೆಳಗೆ ಮುದ್ರಿತವಾದ ಪದಾರ್ಥಗಳನ್ನು ಓದುವುದು, ಪಟ್ಟಿಯಿಂದ ಒಂದೆರಡು ಗುಳಿಗೆಗಳನ್ನು ಕತ್ತರಿಸಿಕೊಟ್ಟಾಗ ಆ ಒಕ್ಕಣೆ ಅಂಗಡಿಯಲ್ಲಿಯೇ ಉಳಿದುಹೋಗುವುದನ್ನು ಗಮನಿಸುವುದು ಇವು ಇಂತಹ ರೋಗಿಗೆ ಪ್ರಾಣರಕ್ಷಕವಾದ ಅಭ್ಯಾಸಗಳು. ಹಚ್ಚುವ ಜೆಲ್ಲುಗಳಲ್ಲಿ ಡೈಕ್ಲೊಫೆನ್ಯಾಕ್, ಮುಲಾಮುಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್, ಕಣ್ಣಿನ ಹನಿಗಳಲ್ಲಿ ಕೀಟೊರೊಲ್ಯಾಕ್ ಇರುವುದನ್ನೂ ಮರೆಯತಕ್ಕದ್ದಲ್ಲ. ಹಣ್ಣು, ತರಕಾರಿ, ಸಾಂಬಾರ ಪದಾರ್ಥಗಳಲ್ಲಿ ಸ್ವಾಭಾವಿಕವಾಗಿರುವ ಸ್ಯಾಲಿಸಿಲೇಟ್‌ಗಳನ್ನು ಸಾಮಾನ್ಯವಾಗಿ ವರ್ಜಿಸಬೇಕಾಗಿಲ್ಲ.

ಪರ್ಯಾಯಗಳಲ್ಲಿ ಪ್ಯಾರಾಸಿಟಮಾಲ್ ಮೊದಲನೆಯದು. ಒಂದು ಸಾರಿಗೆ 500 ಮಿಲಿಗ್ರಾಮಿನ ಪ್ರಮಾಣ ವರ್ಗವ್ಯಾಪಿ ಪ್ರಭೇದಗಳ ರೋಗಿಗಳಲ್ಲಿ ಬಹುಮಂದಿಗೆ ಒಗ್ಗುವುದು. 1000 ಮಿಲಿಗ್ರಾಂ ಮತ್ತು ಅದಕ್ಕೆ ಮೇಲ್ಪಟ್ಟ ಪ್ರಮಾಣದಲ್ಲಿ ಅದೂ ಕಾಕ್ಸ್-1ನ್ನು ಸ್ವಲ್ಪಮಟ್ಟಿಗೆ ತಡೆಯುವುದರಿಂದ ಶ್ವಾಸಪ್ರಧಾನ ಪ್ರಭೇದದ ಕೆಲವರಿಗೆ ಬಾಧೆ ತರಬಹುದು. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಸಂಸ್ಥೆ ತಯಾರಿಸುವ, ಕೋವಿಡ್ ಕಾಲದಲ್ಲಿ ಮನೆಮಾತಾದ ಡೋಲೊ-650ರಲ್ಲಿ ಇರುವುದು ಪ್ಯಾರಾಸಿಟಮಾಲ್ ಮಾತ್ರವೇ; ಆದರೆ ಎರಡು ಗುಳಿಗೆಗಳನ್ನು ಕೂಡಿಸಿ ನುಂಗಿದರೆ ಪ್ರಮಾಣ 1300ಕ್ಕೇರುವುದೆಂಬುದು ನೆನಪಿನಲ್ಲಿರಬೇಕು. ಉರಿಯೂತವನ್ನೇ ತಗ್ಗಿಸಬೇಕಾದ ಸಂಧಿವಾತಾದಿಗಳಲ್ಲಿ ಕಾಕ್ಸಿಬ್‌ಗಳು ಉಪಯುಕ್ತ. ಶ್ವಾಸಪ್ರಧಾನ ಪ್ರಭೇದದವರಿಗೆ ಸೆಲಿಕಾಕ್ಸಿಬ್ ಬಾಧಿಸುವುದು ಅತಿವಿರಳ. ಚರ್ಮಪ್ರಭೇದದ ಕೆಲವರಿಗೆ ಬಾಧಿಸಬಹುದಾದುದರಿಂದ ಮೊದಲ ಪ್ರಮಾಣವನ್ನು ವೈದ್ಯರ ಸಮ್ಮುಖದಲ್ಲಿ ಕೊಡುವುದು ವಾಡಿಕೆ. ಹೃದ್ರೋಗಿಗಳಿಗೆ ಈ ಔಷಧಗಳು ಪಥ್ಯವಲ್ಲ. ಇದೇ ಗುಂಪಿನ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಜಗತ್ತಿನಾದ್ಯಂತ ಹಿಂತೆಗೆಯಲ್ಪಟ್ಟಿತು. ತೀವ್ರನೋವಿಗೆ ಬಳಸುವ ಟ್ರಮಡಾಲ್ ಮೊದಲಾದ ಅಫೀಮಿನಂತೆ ಕೆಲಸಮಾಡುವ ಔಷಧಗಳಿಗೆ ಕಾಕ್ಸ್ ಕಿಣ್ವಗಳೊಡನೆ ಸಂಬಂಧವಿಲ್ಲ. ಮಾರ್ಫೀನ್ ಮತ್ತು ಕೋಡೀನ್‌ಗಳು ಮಾಸ್ಟ್ ಕಣಗಳಿಂದ ಹಿಸ್ಟಮಿನ್ನನ್ನು ನೇರವಾಗಿ ಹೊರಗೆಡಹುವುದರಿಂದ ತುರಿಕೆ ಬರಬಹುದಾದರೂ ಅದು ಬೇರೆಯೇ ಪರಿಣಾಮ.

ವರ್ಜನದಿಂದ ಶ್ವಾಸಪ್ರಧಾನ ವ್ಯಾಧಿಯ ಪ್ರಕೋಪಗಳು ತಪ್ಪುವುವೇ ಹೊರತು ಮೂಲವ್ಯಾಧಿ ನಿಲ್ಲದು. ಅದಕ್ಕೆ ಮೂಗಿನ ಮತ್ತು ಶ್ವಾಸದ ಸ್ಟೀರಾಯ್ಡ್‌ಗಳು, ಲ್ಯೂಕೋಟ್ರೈಯೀನ್‌ಗಳ ಕ್ರಿಯೆಯನ್ನು ತಡೆಯುವ ಮಾಂಟೆಲುಕಾಸ್ಟ್, ದುರ್ಮಾಂಸದ ಶಸ್ತ್ರಚಿಕಿತ್ಸೆ, ಇತ್ತೀಚೆಗೆ ಡುಪಿಲುಮ್ಯಾಬ್ ಮೊದಲಾದ ಜೈವಿಕ ಔಷಧಗಳು ಬಳಕೆಯಲ್ಲಿವೆ. ಈ ಕೊನೆಯವುಗಳ ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕುವಂತಹುದಲ್ಲ.

ನಿಸ್ಸಂವೇದೀಕರಣ

ವಿಡಾಲನು 1922ರಲ್ಲಿಯೇ ತೋರಿಸಿಕೊಟ್ಟ ಒಗ್ಗಿಸುವಿಕೆ 1980ರ ಸುಮಾರಿಗೆ ಅಮೆರಿಕದಲ್ಲಿ ಪುನರುಜ್ಜೀವನಗೊಂಡು ಈಗ ಸ್ಥಿರವಾದ ಚಿಕಿತ್ಸೆಯಾಗಿದೆ. ಆಸ್ಪಿರಿನ್ನನ್ನು ಒಂದರಿಂದ ಮೂರು ದಿನಗಳ ಅವಧಿಯಲ್ಲಿ ಹಂತಹಂತವಾಗಿ ಏರಿಸಿ, ನಡುವೆ ಬರುವ ಪ್ರತಿಕ್ರಿಯೆಗೆ ಚಿಕಿತ್ಸೆಮಾಡಿ, ಅದೇ ಪ್ರಮಾಣವನ್ನು ಪುನಃ ಕೊಟ್ಟು ಮುಂದುವರಿದಾಗ, ದೇಹವು ಪೂರ್ಣಪ್ರಮಾಣವನ್ನೂ ಸಹಿಸತೊಡಗುವುದು. ಈ ಸಹನೆ ನಿತ್ಯಸೇವನೆಯಿಂದ ಮಾತ್ರ ಉಳಿಯತಕ್ಕದ್ದು. ಎರಡರಿಂದ ಐದು ದಿನ ಬಿಟ್ಟರೆ ಅದು ನಶಿಸಿ, ಮರಳಿ ಆಸ್ಪತ್ರೆಯಲ್ಲಿಯೇ ಆರಂಭಿಸಬೇಕಾಗುವುದು. ಶ್ವಾಸಪ್ರಧಾನ ಪ್ರಭೇದದವರಲ್ಲಿ ದುರ್ಮಾಂಸದ ಮರುಬೆಳವಣಿಗೆ ಕುಗ್ಗಿಸುವುದಕ್ಕಾಗಿಯೂ, ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇರಿಸಿದ ಕಾರಣ ಆಸ್ಪಿರಿನ್ ಅನಿವಾರ್ಯವಾದವರಿಗಾಗಿಯೂ ಇದನ್ನು ಕೈಗೊಳ್ಳುತ್ತಾರೆ. ಹಳೆಯ ಗಂಧೆಯ ರೋಗಿಗಳಲ್ಲಿ ಇದರಿಂದ ಪ್ರಯೋಜನ ಅಲ್ಪ. ಗರ್ಭಿಣಿಯರಲ್ಲಿಯೂ, ವಿಲಂಬಿತ ಪ್ರಭೇದದ ಘೋರರೂಪಗಳನ್ನು ಅನುಭವಿಸಿದವರಲ್ಲಿಯೂ ಇದು ನಿಷಿದ್ಧ.

ಭಾರತದಲ್ಲಿ ಈಗಿನ ಸ್ಥಿತಿ

ಡೈಕ್ಲೊಫೆನ್ಯಾಕ್, ಮೆಫೆನಮಿಕ್ ಆಮ್ಲ, ಪೈರಾಕ್ಸಿಕಾಮ್ ಮೊದಲಾದುವು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಾಟವಾಗತಕ್ಕ ಔಷಧಗಳ ಅನುಸೂಚಿಯಲ್ಲಿದ್ದರೂ ಚೀಟಿಯಿಲ್ಲದೆ ಅವು ದೊರೆಯುವುದು ಸಾಮಾನ್ಯ. ನಿಮೆಸುಲೈಡನ್ನು ಹನ್ನೆರಡು ವರ್ಷಕ್ಕೆ ಕಿರಿಯರಾದ ಮಕ್ಕಳಿಗೆ ಕೊಡುವುದು 2011ರಲ್ಲಿ ನಿಷೇಧಿಸಲ್ಪಟ್ಟಿತು. 2013ರಲ್ಲಿ ತಡೆಹಿಡಿಯಲ್ಪಟ್ಟ ಅನಾಲ್ಜಿನ್ ಮರುವರ್ಷ ಎಚ್ಚರಿಕೆಯ ಷರತ್ತುಗಳೊಡನೆ ಮರಳಿತು. ಭಾರತೀಯ ಔಷಧಸಂಹಿತಾ ಆಯೋಗವು 2023ರಲ್ಲಿ ಮೆಫೆನಮಿಕ್ ಆಮ್ಲದಿಂದ ಡ್ರೆಸ್ ಸಿಂಡ್ರೋಮ್ ಉಂಟಾಗಬಹುದೆಂದು ವೈದ್ಯರಿಗೂ ಸಾರ್ವಜನಿಕರಿಗೂ ಎಚ್ಚರಿಕೆಯಿತ್ತಿತು. ಇಂತಹ ಎಚ್ಚರಿಕೆಗಳು ಹೊರಡುವುದು ರೋಗಿಗಳಿಂದಲೂ ವೈದ್ಯರಿಂದಲೂ ಬರುವ ವರದಿಗಳ ಆಧಾರದ ಮೇಲೆ. 2010ರಲ್ಲಿ ಆರಂಭವಾದ ಭಾರತೀಯ ಔಷಧಜಾಗ್ರತಾ ಕಾರ್ಯಕ್ರಮದ ಕೇಂದ್ರಗಳು ವೈದ್ಯಕೀಯ ಕಾಲೇಜುಗಳಲ್ಲಿ ಇವನ್ನು ಸಂಗ್ರಹಿಸುತ್ತವೆ.

ಒಮ್ಮೆ ಪ್ರತಿಕ್ರಿಯೆಗೆ ಒಳಗಾದವರು ಔಷಧದ ಮೂಲನಾಮ, ಪ್ರಮಾಣ, ದಿನಾಂಕ ಮತ್ತು ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದು ಸದಾ ಬಳಿಯಲ್ಲಿರಿಸಿಕೊಂಡು, ಹಲ್ಲಿನ ವೈದ್ಯರಿಂದ ಹಿಡಿದು ಶಸ್ತ್ರಚಿಕಿತ್ಸಕರವರೆಗೆ ಎಲ್ಲರಿಗೂ ಅದನ್ನು ತೋರಿಸತಕ್ಕದ್ದು. ಪ್ರತಿಕ್ರಿಯೆಯನ್ನು 1800-180-3024 ಎಂಬ ಶುಲ್ಕರಹಿತ ದೂರವಾಣಿಯ ಮೂಲಕ ರೋಗಿಗಳು ತಾವಾಗಿಯೇ ವರದಿಮಾಡಬಹುದು.